ಸೂಟು ಇಲ್ಲದ ತೂಕ

ಮೊದಲ ನಾನು ಬ್ಯಾಡಗಿ ಪ್ಯಾಟ್ಯಾಗ
ಮೆಣಸಿನಕಾಯಿ ಚೀಲ ಹೊಲೀತಿದ್ದೆ.
ದಬ್ಬಣ, ಸುತಳಿ, ಬಾಯಿಗೊಂದು ಅರಿವಿ.
ಸೀನು ಬರದಂಗ ಉಸಿರು ಹಿಡಿಯೋದು
ಅಲ್ಲೇ ಕಲ್ತದ್ದು.
ಹಾವೇರಿ ದವಾಖಾನಿಯ ಹೆಣದ ಖೋಲ್ಯಾಗ
ಹಿಂದಿನಾಂವ ಕೆಲಸ ಬಿಟ್ಟಾಗ
ಮೇಡಂ ನನಗ ಕೇಳಿದ್ದು ಒಂದ ಮಾತು:
ಹೊಲ್ಯಾಕ ಬರತೈತೇನು?

ಬರತೈತ್ರಿ.

ಗದ್ದದ ಕೆಳಗಿಂದ ಒಂದು ಗೆರಿ ಹೊಂಡತೈತಿ.
ಹೊಕ್ಕಳ ಬಂತಂದ್ರ ಎಡಕ್ಕ ಹೊಳ್ಳಿ ಮುಂದಕ್ಕ,
ಹಾದ್ಯಾಗ ಕಟ್ಟಿ ಬಂದ್ರ ಬಂಡಿ ಸುತ್ತು ಹಾಕಿದಂಗ.
ಭಕ್ತಿ ಏನಲ್ಲ, ಅಲ್ಲಿ ಸೂಜಿ ನಿಂದ್ರಂಗಿಲ್ಲ.
ಆಮ್ಯಾಲೆ ಒಂದೊಂದ ಹೊರಗ ತಗದು
ತಕಡಿಗೆ ಇಡತೇನಿ.
ಪ್ಯಾಟ್ಯಾಗ ಕ್ವಿಂಟಲಿಗೆ ಇಷ್ಟು ಅಂತ ಸೂಟು ಕಡಿತಿದ್ರು,
ಧೂಳಿಂದು, ಚೀಲದ್ದು, ದಲಾಲಿ ಮನಸಿಂದು.
ಇಲ್ಲಿ ಹಂಗಿಲ್ಲ.
ಗುಂಡಿಗಿ ಎಷ್ಟು ತೂಗತೈತಿ, ಅಷ್ಟ ಬರೀತಾರ.

ಮೊನ್ನಿ ಬುಧವಾರ ಬಂದಾಂವ ಗುಡ್ಡಪ್ಪ.
ಹಮಾಲ. ಮುಖದ ಗುರ್ತು ಹತ್ತಲಿಲ್ಲ ನನಗ,
ಹೆಗಲಿಂದು ಹತ್ತಿತು: ಬಲಗಡಿದು ನಾಕು ಬೆರಳು ಇಳದಿತ್ತು,
ಯಾರೂ ಹೊರಸದಿದ್ರೂ ಹೊತ್ತಂಗ.

ಹೊರಗ ಬೇವಿನ ಗಿಡದ ನೆರಳಿಗೆ
ಅವನ ಸಾವು ಆಗಲೇ ಮೂರು ಸಲ ಆಗಿತ್ತು.
ಅಣ್ಣ ಅಂದ, ದಲಾಲಿ ಮಂದಿ ಮುಂದ ಬೈದಿದ್ದ,
ಅದು ಎದಿಗೆ ಹತ್ತಿತು.
ಅತ್ತಿ ಅಂದಳು, ಅಮಾಸಿ ದಿನ
ಮೂರು ದಾರಿ ಕೂಡಿದಲ್ಲಿ ನಿಂಬಿಹಣ್ಣು ತುಳದಿದ್ದ.
ಪೊಲೀಸ ಪಂಚನಾಮಿ ಬರದಿದ್ದ:
ಚೀಲದ ಥಪ್ಪಿ ಮ್ಯಾಲಿಂದ ಬಿದ್ದು.
ಹೆಂಡತಿ ಕೆಂಚವ್ವ ಏನೂ ಅಂದಿರಲಿಲ್ಲ.

ಒಳಗ ಮೇಡಂ ಸಣ್ಣ ಕತ್ತರಿ ಕೇಳಿದರು.
ಗುಂಡಿಗಿ ಮ್ಯಾಲಿನ ನರ ಸೀಳಿ
ಬೆಳಕಿಗೆ ಹಿಡದರು: ಸವಳು ನೀರಿನ ನಳದಂಗ
ಬೆಳ್ಳಗ ಗಟ್ಟಿಯಾಗಿ ಮುಚ್ಚಿತ್ತು.
ಬಿದ್ದು ಸತ್ತಿಲ್ಲ ಇಂವ, ಅಂದ್ರು,
ಸತ್ತು ಬಿದ್ದಾನ.
ಇದ್ದದ್ದು ಎರಡ ಮಾತು, ಅದಲ ಬದಲ ಆದವು.
ಅಣ್ಣ ತಂದಿದ್ದ ಪರಿಹಾರದ ಅರ್ಜಿ
ಕಿಸೇದಾಗ ಬೆವರಿಗೆ ಮೆತ್ತಗಾಗಿತ್ತು.

ನೆತ್ತಿ ಹೊಲಿಯೋ ಮುಂದ ಕೂದಲದಾಗ
ಕೆಂಪು ಪುಡಿ ಕಂಡೆ.
ಇಷ್ಟು ವರ್ಷ ಯಾವ ವಾಸನಿಗೂ ಆಗದ್ದು
ಅವತ್ತು ಆತು. ಸೀನಿದೆ.
ಮತ್ತೊಮ್ಮೆ ಸೀನಿದೆ.
ಮೇಡಂ ಕಿಡಕಿ ಕಡೆ ನೋಡಿದರು.

ಹೆಣ ಕೊಡೋ ಹೊತ್ತಿಗೆ ಕೆಂಚವ್ವ
ಡಾಕ್ಟರ ಹಂತೇಕ ಹೋಗಲಿಲ್ಲ, ನನ್ನ ಹಂತೇಕ ಬಂದಳು.
ಹೆಂಗ ಸತ್ತ ಅಂತ ಕೇಳಲಿಲ್ಲ.
ಹೊಟ್ಟ್ಯಾಗ ಏನಿತ್ತಪ್ಪಾ? ಅಂದಳು.
ರಾತ್ರಿ ಜಗಳ ಆಗಿತ್ತು.
ಮುಂಜಾನಿ ರೊಟ್ಟಿ ಬುಟ್ಟಿ ನಾ ಮುಂದ ಸರಸಲಿಲ್ಲ,
ಅಂವ ಕೇಳಲಿಲ್ಲ.

ಇಂಥಾ ಹೊತ್ತಿಗಂತ ಒಂದು ಸುಳ್ಳು ಇಟ್ಟಿರತೇನಿ:
ಉಂಡಿದ್ದವ್ವಾ, ಹೊಟ್ಟಿ ತುಂಬ ಉಂಡಿದ್ದ.
ಆದರ ಅಕಿ ಹೆಂಗ ನೋಡಿದ್ಲಂದ್ರ,
ತೂಕದಾಂವ ತಕಡಿ ಮುಳ್ಳಿಗೆ
ಬೆರಳು ಹಚ್ಚಿದ್ದು ಕಂಡಂಗ.
ಖರೇನ ಹೇಳಿದೆ.
ಮಂಡಕ್ಕಿ ಇತ್ತು. ಶೇಂಗಾ. ಉಳ್ಳಾಗಡ್ಡಿ.
ಸ್ವಲ್ಪ ಮಿರ್ಚಿ.

ಗಿರಮಿಟ್ಟ? ಅಂದಳು.
ಹೂಂ.
ಒಂದ ಗಳಿಗಿ ಸುಮ್ಮನ ನಿಂತು
ಸೆರಗಿನ ಗಂಟು ಬಿಚ್ಚಿದಳು.
ಹಂಗಾದ್ರ ಖಾಜಾಬಿ ಗಾಡ್ಯಾಗ ಉದ್ರಿ ತಿಂದಾನ.
ಅಕಿ ತಿಂಗಳ ಮುಗಿಯೋತನಕ ಕೇಳಾಕಿ ಅಲ್ಲ.

ವರದ್ಯಾಗ ಇಂಗ್ಲಿಷಿನ್ಯಾಗ ಬರದಾರ, ನನಗ ಓದಿ ಹೇಳಿದರು:
ಜಠರದಲ್ಲಿ ಅರೆಜೀರ್ಣ ಆಹಾರ,
ವಿಶೇಷ ವಾಸನೆ ಇಲ್ಲ.
ಇತ್ತು. ಹಸೀ ಉಳ್ಳಾಗಡ್ಡಿದು ಇತ್ತು.

ಗಾಡಿ ಹೊಂಡೋ ಮುಂದ
ಕೆಂಚವ್ವ ಡ್ರೈವರಗ ಹೇಳೋದು ಕೇಳಿಸಿತು:
ಯಾರ್ಡಿನ ಗೇಟಿನ್ಯಾಗ ಎರಡು ನಿಮಿಷ
ನಿಂದರಸಪಾ,
ಇವರದೊಂದು ಬಾಕಿ ಐತಿ.